ಊರಿಗೆಲ್ಲ ಒಂದೇ ಅಂಕಿ, ಓಣಿಗೊಂದು ಗಾಳಿ

ಕಲಬುರಗಿಯ ಓದುಗರೊಬ್ಬರ ಪತ್ರ: ‘ನಮ್ಮ ಮನೆ ಕಪನೂರು ಕೈಗಾರಿಕಾ ಪ್ರದೇಶದ ಹತ್ತಿರ, ತಂಗಿಯ ಮನೆ ಅಪ್ಪನ ಕೆರೆ ಕಡೆ. ಗಾಳಿ ಎಷ್ಟು ಕೆಟ್ಟಿದೆ ಎಂದು ಮೊಬೈಲಿನಲ್ಲಿ ತೋರಿಸುವ ಅಂಕಿ ಇಬ್ಬರಿಗೂ ಒಂದೇ. ಆದರೆ ನಾನು ದಿನಕ್ಕೆ ಮೂರು ಸಲ ಕಿಟಕಿ ಒರೆಸಬೇಕು. ನಮ್ಮ ಮನೆಯವರು ಬೇಳೆ ಮಿಲ್ಲಿನಲ್ಲಿ ಹಮಾಲಿ, ರಾತ್ರಿಯೆಲ್ಲ ಕೆಮ್ಮುತ್ತಾರೆ. ಆ ಅಂಕಿ ಸುಳ್ಳಾ?’

ಸಂಪಾದಕರ ಉತ್ತರ: ಸುಳ್ಳಲ್ಲ ಅಕ್ಕಾವ್ರೆ, ಅದು ನಿಮ್ಮ ಓಣಿಯದಲ್ಲ, ಅಷ್ಟೆ. ಅಳೆಯುವ ಯಂತ್ರ ತಾನು ನಿಂತ ಜಾಗದ ಗಾಳಿಯನ್ನು ಹೇಳುತ್ತದೆ. ಸರ್ಕಾರದ ಸೂಚ್ಯಂಕದಲ್ಲಿ ಧೂಳಿನ ಲೆಕ್ಕ 24 ಗಂಟೆಗಳ ಸರಾಸರಿ. ಸಂಜೆ ಲಾರಿಗಳು ಸಾಲುಗಟ್ಟಿ ನಿಂತಾಗ ನಿಮ್ಮ ಕಣ್ಣು ಉರಿದದ್ದು ಮಧ್ಯಾಹ್ನದ ತಿಳಿಗಾಳಿಯ ಜೊತೆ ಸೇರಿ ಸಣ್ಣದಾಗಿಬಿಡುತ್ತದೆ.

ಚಳಿಗಾಲದಲ್ಲಂತೂ ಕೇಳಬೇಡಿ. ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ, ನೆಲದ ಹತ್ತಿರದ ಗಾಳಿಯೂ ತಣ್ಣಗಾಗುತ್ತದೆ. ಮೇಲಿನ ಬೆಚ್ಚಗಿನ ಗಾಳಿ ಪಾತ್ರೆಗೆ ತಟ್ಟೆ ಮುಚ್ಚಿದ ಹಾಗೆ ಕೂರುತ್ತದೆ. ಹೊಗೆ ಓಣಿಯಲ್ಲೇ ಸುತ್ತುತ್ತದೆ. ಬಿಸಿಲೇರಿದ ಮೇಲೆ ತಟ್ಟೆ ಸರಿಯುತ್ತದೆ. ಕಿಟಕಿ ತೆಗೆಯಲು ಅದೇ ಒಳ್ಳೆಯ ಹೊತ್ತು.

ಇನ್ನು ನೀವು ಒರೆಸುವ ಧೂಳು. ಅದು ಬೇಳೆಯ ಹೊಟ್ಟು, ರಸ್ತೆಯ ಮಣ್ಣು. ದಪ್ಪ ಕಣ, ಹತ್ತಿರದಲ್ಲೇ ಬೀಳುತ್ತದೆ. ಅದಕ್ಕೇ ತಂಗಿಯ ಕಿಟಕಿಯಲ್ಲಿ ಕಾಣುವುದಿಲ್ಲ. ಶ್ವಾಸಕೋಶದ ಆಳಕ್ಕೆ ಇಳಿಯುವುದು ಪಿಎಂ 2.5 ಎನ್ನುವ ಕಣ. ನಮ್ಮ ತಲೆಗೂದಲಿನ ದಪ್ಪದಲ್ಲಿ ಸುಮಾರು ಮೂವತ್ತನೇ ಒಂದು ಪಾಲು. ಅದು ಬಟ್ಟೆಗೆ ಸಿಗುವುದಿಲ್ಲ, ದೂರವೂ ಹೋಗುತ್ತದೆ. ಡೀಸೆಲ್ ಹೊಗೆಯಲ್ಲಿ ಅದು ಜಾಸ್ತಿ. ಕಟ್ಟಿಗೆ ಒಲೆಯಲ್ಲೂ ಅಷ್ಟೇ. ತಂಗಿ ಸ್ನಾನದ ನೀರಿಗೆ ತೊಗರಿ ಕಟ್ಟಿಗೆ ಉರಿಸುತ್ತಿದ್ದರೆ, ಆ ಒಂದು ತಾಸು ಅವರೇ ನಿಮಗಿಂತ ಕೆಟ್ಟ ಗಾಳಿ ಕುಡಿಯುತ್ತಿರಬಹುದು!

ನನಗೆ ಚಿಂತೆ ನಿಮ್ಮ ಮನೆಯವರದು. ಇಡೀ ದಿನ ಮಿಲ್ಲಿನೊಳಗೆ, ಮೂಟೆ ಹೊತ್ತು ಏದುಸಿರು ಬಿಡುತ್ತಾ. ಕೆಲಸ ಭಾರವಾದಷ್ಟೂ ಒಳಗೆ ಎಳೆದುಕೊಳ್ಳುವ ಗಾಳಿ ಜಾಸ್ತಿ, ಅಲ್ವಾ? ಮೂಗಿಗೆ ಟವೆಲ್ ಸುತ್ತಿದರೆ ಸಣ್ಣ ಕಣ ನಿಲ್ಲುವುದಿಲ್ಲ. ಮೂಗಿಗೆ ಬಿಗಿಯಾಗಿ ಕೂರುವ ಎನ್95 ಮಾಸ್ಕ್ ಬೇಕು. ಅದನ್ನು ಮಾಲೀಕರೇ ಕೊಡಿಸಲಿ ಎಂದು ಕೇಳುವುದು ತಪ್ಪೇನಲ್ಲ. ಕೆಮ್ಮನ್ನು ಮೊದಲು ಡಾಕ್ಟರಿಗೆ ತೋರಿಸಿ.

ಮನೆಯಲ್ಲಿ ಕಸಬರಿಗೆ ಬೇಡ, ಒದ್ದೆ ಬಟ್ಟೆಯಲ್ಲೇ ಒರೆಸಿ. ಪಾಲಿಕೆಗೆ ಅರ್ಜಿ ಕೊಡುವಾಗ ಸುಮ್ನೆ ‘ಧೂಳು ಜಾಸ್ತಿ’ ಎಂದು ಬರೆಯಬೇಡಿ. ಎಷ್ಟು ಹೊತ್ತಿಗೆ, ಗಾಳಿ ಯಾವ ಕಡೆಯಿಂದ, ಎಷ್ಟು ಲಾರಿ ಎಂದು ಒಂದು ವಾರ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. 2019ರಲ್ಲಿ ಕೇಂದ್ರ ಶುರುಮಾಡಿದ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಕಲಬುರಗಿಯೂ ಇದೆ. ನಮ್ಮ ಓಣಿಯಲ್ಲಿ ಯಾವಾಗ ಅಳೆಯುತ್ತೀರಿ ಎಂದು ಅದನ್ನೇ ಹಿಡಿದು ಕೇಳಿ. ಕ್ಯಾಲೆಂಡರಿನ ಆ ಹಾಳೆಯ ಫೋಟೊ ನಮಗೂ ಕಳಿಸಿ, ಅಚ್ಚು ಹಾಕುತ್ತೇವೆ.