ಅಜ್ಜಿಯ ಪೆಟ್ಟಿಗೆಯ ವಿಕ್ಟೋರಿಯಾ ನಾಣ್ಯ: ಇಸವಿ ಇದೆ, ಓದೋದು ಹೀಗೆ

ಸರ್, ಸುಮ್ನೆ ಗಾಬರಿ ಆಗಬೇಡಿ. ಅಜ್ಜಿಯ ಪೆಟ್ಟಿಗೆಯಲ್ಲಿ ವಿಕ್ಟೋರಿಯಾ ರಾಣಿಯ ಬೆಳ್ಳಿ ರೂಪಾಯಿ ಸಿಕ್ಕಿದೆ, ಇಸವಿಯೇ ಇಲ್ಲ, ಅಕ್ಷರ ಬೇರೆ ವಿಚಿತ್ರವಾಗಿದೆ, ಡೂಪ್ಲಿಕೇಟಾ ಅಂತ ಕೇಳಿದ್ದೀರಿ. ಮೊದಲಿಗೆ, ಇದು ನಮ್ಮ ರೂಪಾಯಿಯೇ ಅಲ್ಲ. ಬ್ರಿಟನ್ನಿನ ಫ್ಲೋರಿನ್, ಅಂದ್ರೆ ಎರಡು ಶಿಲ್ಲಿಂಗಿನ ನಾಣ್ಯ. ಇನ್ನು ಇಸವಿ, ಅದು ನಿಮ್ಮ ಫೋಟೋದಲ್ಲೇ ಇದೆ.

ಭೂತಗನ್ನಡಿ ಹಿಡಿದು ರಾಣಿಯ ಸುತ್ತ ಇರುವ ಬರಹವನ್ನು ಕೊನೇವರೆಗೆ ಓದಿ. ಹೆಸರು, ಬಿರುದು ಎಲ್ಲಾ ಮುಗಿದ ಮೇಲೆ ಎಂ, ಡಿ, ಮೂರು ಸಿ, ಒಂದು ಎಲ್, ಎರಡು ಎಕ್ಸ್, ಎರಡು ಐ ಕಾಣುತ್ತವೆ. ಹಳೇ ಬೈಬಲ್ಲಿನಲ್ಲಿ ಇರುವಂಥ ಗಾಥಿಕ್ ಅಕ್ಷರ, ಅದಕ್ಕೇ ಎಂ ಅನ್ನೋದು ಮೂರು ಕಡ್ಡಿ ನಿಲ್ಲಿಸಿದ ಹಾಗಿದೆ. ಇವು ರೋಮನ್ ಅಂಕಿಗಳು. 1000, 500, 300, 50, 20, 2, ಕೂಡಿದರೆ 1872. ಆ ಅಕ್ಷರದ ಕಾರಣಕ್ಕೇ ಇದನ್ನು ಗಾಥಿಕ್ ಫ್ಲೋರಿನ್ ಅಂತಾರೆ.

ಇದರ ಹಿಂದೆ ಒಂದು ದೊಡ್ಡ ರಗಳೆ ಇದೆ. ಆಗ ಬ್ರಿಟನ್ನಿನಲ್ಲಿ ಒಂದು ಪೌಂಡಿಗೆ 20 ಶಿಲ್ಲಿಂಗ್, ಶಿಲ್ಲಿಂಗಿಗೆ 12 ಪೆನ್ಸ್. ನಮ್ಮ ರೂಪಾಯಿ-ಆಣೆ-ಪೈ ಲೆಕ್ಕದಷ್ಟೇ ತಲೆನೋವು. 1847ರಲ್ಲಿ ಜಾನ್ ಬೌರಿಂಗ್ ಎಂಬವರು ಹತ್ತರ ಲೆಕ್ಕ ತನ್ನಿ ಅಂತ ಪಾರ್ಲಿಮೆಂಟಿನಲ್ಲಿ ವಾದ ಮಾಡಿದರು. ಪೂರ್ತಿ ಬದಲಾಯಿಸುವ ಧೈರ್ಯ ಸರ್ಕಾರಕ್ಕೆ ಬರಲಿಲ್ಲ, ಪರೀಕ್ಷೆಗೆ ಅಂತ ಪೌಂಡಿನ ಹತ್ತನೇ ಒಂದು ಭಾಗದ ನಾಣ್ಯ ಹೊರಡಿಸಿತು. ಹಿಂಬದಿ ನೋಡಿ, 'ಪೌಂಡಿನ ಹತ್ತನೇ ಒಂದು ಪಾಲು' ಅಂತ ಇಂಗ್ಲಿಷಿನಲ್ಲಿ ಬರೆದೇ ಇದೆ. ಅಲ್ಲಿ ಕಿರೀಟ ಇಟ್ಟ ನಾಲ್ಕು ಗುರಾಣಿಗಳು ಶಿಲುಬೆ ಥರ ಕೂತಿವೆ. ಎರಡರಲ್ಲಿ ಇಂಗ್ಲೆಂಡಿನ ಸಿಂಹಗಳು, ಒಂದರಲ್ಲಿ ಸ್ಕಾಟ್ಲೆಂಡಿನ ಒಂಟಿ ಸಿಂಹ, ಇನ್ನೊಂದರಲ್ಲಿ ಐರ್ಲೆಂಡಿನ ತಂತಿವಾದ್ಯ. ಈ ಬದಿ ವಿಲಿಯಂ ಡೈಸ್ ಅವರ ಕೈಚಳಕ, ರಾಣಿಯ ಮುಖ ವಿಲಿಯಂ ವಯಾನ್ ಅವರದು. ನಮ್ಮ 1840ರ ಕಂಪನಿ ರೂಪಾಯಿಯಲ್ಲಿ ರಾಣಿಯ ಕತ್ತಿನ ಕೆಳಗೆ ಡಬ್ಲ್ಯೂ ಡಬ್ಲ್ಯೂ ಅಂತ ಪುಟಾಣಿ ಅಕ್ಷರ ಇರುತ್ತಲ್ಲ, ಅದೂ ಇದೇ ವಯಾನ್.

1849ರಲ್ಲಿ ಮೊದಲ ಫ್ಲೋರಿನ್ ಬಂತು. ಅದರಲ್ಲಿ ಬರೀ 'ವಿಕ್ಟೋರಿಯಾ ರೆಜೀನಾ 1849', ರೆಜೀನಾ ಅಂದ್ರೆ ರಾಣಿ. 'ದೇವರ ಕೃಪೆಯಿಂದ' ಅನ್ನುವ ಲ್ಯಾಟಿನ್ ಮಾತು ಇಲ್ಲ, ಧರ್ಮರಕ್ಷಕಿ ಅನ್ನುವ ಬಿರುದೂ ಇಲ್ಲ. ಜನ ರೇಗಿಬಿಟ್ಟರು. 'ದೇವರಿಲ್ಲದ ಫ್ಲೋರಿನ್' ಅಂತ ಹೆಸರು ಬಿತ್ತು. ಆ ವರ್ಷ ಕಾಲರಾ ಬಂದದ್ದೂ ಈ ನಾಣ್ಯದಿಂದಲೇ ಅಂತ ಆಡಿಕೊಂಡರು ಅಂತ ಒಂದು ಕಥೆ ಇದೆ. ಪ್ರೊಟೆಸ್ಟೆಂಟ್ ಬ್ರಿಟನ್ನಿನಲ್ಲಿ ಆಗ ಟಂಕಸಾಲೆಯ ಮುಖ್ಯಸ್ಥ ರಿಚರ್ಡ್ ಶೀಲ್ ಕ್ಯಾಥೊಲಿಕ್, ಹಾಗಾಗಿ ಬೇಕಂತಲೇ ಆ ಮಾತುಗಳನ್ನು ಕೈಬಿಟ್ಟ ಅಂತ ಬೈಗುಳ ಬೇರೆ. ಮುಂದೆ ಅವರನ್ನು ರಾಯಭಾರಿಯಾಗಿ ಕಳಿಸಿದ್ದು ಫ್ಲಾರೆನ್ಸಿಗೆ, ಫ್ಲೋರಿನ್ ಅನ್ನೋ ಹೆಸರು ಹುಟ್ಟಿದ ಊರಿಗೇ! 1851ರಲ್ಲಿ ಅಲ್ಲೇ ತೀರಿಕೊಂಡರು. ತಮಾಷೆ ಏನಂದ್ರೆ ನಮ್ಮ ರೂಪಾಯಿಯಲ್ಲೂ 'ವಿಕ್ಟೋರಿಯಾ ಕ್ವೀನ್' ಅಂತ ಅಷ್ಟೇ ಇತ್ತು, ದೇವರ ಸುದ್ದಿಯೇ ಇರಲಿಲ್ಲ.

1851ರಿಂದ ನಾಣ್ಯವನ್ನು ಸ್ವಲ್ಪ ಅಗಲ ಮಾಡಿ, ದೇವರನ್ನು ವಾಪಸ್ ಕರೆದು, ಗಾಥಿಕ್ ಅಕ್ಷರದಲ್ಲಿ ಹೊಡೆದರು. 1887ರವರೆಗೂ ಇದೇ ವಿನ್ಯಾಸ.

ಈಗ ಅಸಲಿಯೋ ಅಲ್ಲವೋ ಅನ್ನೋ ವಿಷಯ. ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿ. ಹೊಸದಾಗಿದ್ದಾಗ ಇದರ ತೂಕ 11.31 ಗ್ರಾಂ, ಬೆಳ್ಳಿ ಶೇ. 92.5. ನಮ್ಮ ರೂಪಾಯಿ ಒಂದು ತೊಲ, ಅಂದ್ರೆ 11.66 ಗ್ರಾಂ. ಎರಡರ ಅಗಲವೂ ಹೆಚ್ಚುಕಮ್ಮಿ 30 ಮಿ.ಮೀ., ಅದಕ್ಕೇ ರೂಪಾಯಿ ರಾಶಿಯಲ್ಲಿ ಇದು ಕಲೆತು ಹೋಗುತ್ತೆ. ಸವೆದಿದ್ದರೆ 11ರ ಆಸುಪಾಸು ಬರಬಹುದು, 9 ಬಂದರೆ ಅನುಮಾನ ಪಡಿ. ಆಯಸ್ಕಾಂತಕ್ಕೆ ಅಂಟಬಾರದು. ಅಂಚಿನ ಗೆರೆಗಳ ನಡುವೆ ಸುತ್ತಲೂ ಬೆಸುಗೆಯಂಥ ಸಾಲು ಕಂಡರೆ ಅದು ಎರಕ ಹೊಯ್ದ ನಕಲು. ಮೇಲ್ಭಾಗದಲ್ಲಿ ಕೊಂಡಿ ಬೆಸೆದು ತೆಗೆದ ಗುರುತು ಇದೆಯಾ ಅಂತಲೂ ನೋಡಿ. ಸರಕ್ಕೆ ಹಾಕಿದ ನಾಣ್ಯಕ್ಕೆ ಸಂಗ್ರಹಕಾರರು ಜಾಸ್ತಿ ಕೊಡಲ್ಲ.

ದಯವಿಟ್ಟು ತೊಳೆಯಬೇಡಿ. ನಾನು ಹೊಸದರಲ್ಲಿ ಒಂದು 1862ರ ರೂಪಾಯಿಯನ್ನು ಹುಣಸೆಹಣ್ಣು ಹಾಕಿ ಪಾತ್ರೆ ಥರ ಉಜ್ಜಿ ಫಳಫಳ ಮಾಡಿ ಒಬ್ಬ ವ್ಯಾಪಾರಿಯ ಮುಂದಿಟ್ಟೆ. ಆತ ತಿರುಗಿಸಿ ಕೂಡ ನೋಡದೆ 'ಬೆಳ್ಳಿ ರೇಟು ಕೊಡ್ತೀನಿ' ಅಂದ. ನಿಮ್ಮದರ ಮೇಲೆ ಇರುವ ಆ ಬೂದು ಕಪ್ಪು ಬಣ್ಣ ನೂರೈವತ್ತು ವರ್ಷದ್ದು, ಉಜ್ಜಿದರೆ ವಾಪಸ್ ಬರಲ್ಲ.

ಇನ್ನೊಂದು ಸಣ್ಣ ಕೆಲಸ. ಆ ಕಾಲದಲ್ಲಿ ಪ್ರತಿ ಅಚ್ಚಿಗೂ ಒಂದು ನಂಬರ್ ಕೊಡುತ್ತಿದ್ದರು, ರಾಣಿಯ ಎದೆಯ ಕೆಳಗೆ ಸೂಜಿಮೊನೆಯಷ್ಟು ಚಿಕ್ಕ ಅಂಕಿ ಇರಬೇಕು. ಬೆಳಕನ್ನು ಪಕ್ಕದಿಂದ ಬಿಟ್ಟು ಅದರ ಫೋಟೋ ತೆಗೆದು ಹಾಕಿ, ತೂಕವನ್ನೂ ಬರೆಯಿರಿ.