ಹೃದಯದ ಶಕ್ತಿಗೆ ವಿಟಮಿನ್ ಎ ಏಕೆ?

ಪ್ರಶ್ನೆ: ವಿಟಮಿನ್ ಎ ಕಣ್ಣಿಗೆ ಬೇಕು ಎಂಬುದು ಗೊತ್ತು. ಹೃದಯದಲ್ಲಿ ಶಕ್ತಿ ತಯಾರಾಗುವುದಕ್ಕೂ ಅದು ಬೇಕಂತೆ, ನಿಜವೇ?

ಉತ್ತರ: ನಿಜ. ಆದರೆ ಅದು ಇಂಧನವಲ್ಲ; ಯಾವ ಇಂಧನವನ್ನು ಎಷ್ಟು ಉರಿಸಬೇಕು ಎಂದು ನಿಯಂತ್ರಿಸುವ ವ್ಯವಸ್ಥೆಯ ಒಂದು ಭಾಗ. ಈ ವ್ಯತ್ಯಾಸ ಮನಸ್ಸಿನಲ್ಲಿರಲಿ. ಮಾತ್ರೆ ನುಂಗಬೇಕೋ ಬೇಡವೋ ಎಂಬ ತೀರ್ಮಾನ ನಿಂತಿರುವುದು ಇದರ ಮೇಲೆಯೇ.

ಹೃದಯ ದಿನಕ್ಕೆ ಸುಮಾರು 6 ಕಿಲೊ ಎಟಿಪಿ (ಜೀವಕೋಶಗಳು ಶಕ್ತಿಗಾಗಿ ಬಳಸುವ ಅಣು) ಖರ್ಚು ಮಾಡುತ್ತದೆ. ಕೈಯಲ್ಲಿರುವ ದಾಸ್ತಾನು ಮಾತ್ರ ಕೆಲವು ಸೆಕೆಂಡುಗಳಿಗೆ ಸಾಲುವಷ್ಟೇ. ಹಾಗಾಗಿ ಕೋಶದೊಳಗೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಗಳು ಬಿಡುವಿಲ್ಲದೆ ಅದನ್ನು ತಯಾರಿಸುತ್ತಲೇ ಇರಬೇಕು. ಆರೋಗ್ಯವಂತ ಹೃದಯದಲ್ಲಿ ಇದರ ಬಹುಪಾಲು ಬರುವುದು ಕೊಬ್ಬಿನಾಮ್ಲಗಳಿಂದ. ಉಳಿದದ್ದು ಗ್ಲೂಕೋಸ್, ಲ್ಯಾಕ್ಟೇಟ್, ಕೀಟೋನ್‌ಗಳಿಂದ.

ವಿಟಮಿನ್ ಎ ಇಲ್ಲಿ ಎರಡು ಕಡೆ ಕೆಲಸ ಮಾಡುತ್ತದೆ. ಒಂದು, ಕೋಶಕೇಂದ್ರದಲ್ಲಿ. ವಿಟಮಿನ್ ಎಯ ಒಂದು ರೂಪವಾದ ರೆಟಿನಾಲ್ ಮೊದಲು ರೆಟಿನಾಲ್ಡಿಹೈಡ್ ಆಗಿ, ಆಮೇಲೆ ರೆಟಿನಾಯಿಕ್ ಆಮ್ಲವಾಗುತ್ತದೆ. ಈ ಆಮ್ಲ ಆರ್‌ಎಆರ್ ಎಂಬ ಗ್ರಾಹಕ ಪ್ರೋಟೀನಿಗೆ ಅಂಟಿಕೊಂಡು ಜೀನ್‌ಗಳನ್ನು ಎಚ್ಚರಿಸುತ್ತದೆ. ಆರ್‌ಎಆರ್ ಒಂಟಿಯಾಗಿ ಕೆಲಸ ಮಾಡುವುದಿಲ್ಲ, ಅದಕ್ಕೆ ಆರ್‌ಎಕ್ಸ್‌ಆರ್ ಎಂಬ ಇನ್ನೊಂದು ಗ್ರಾಹಕ ಜೊತೆಯಿರಬೇಕು. ಇದೇ ಆರ್‌ಎಕ್ಸ್‌ಆರ್ ಕೊಬ್ಬು ಉರಿಸುವ ಜೀನ್‌ಗಳನ್ನು ನಡೆಸುವ ಪಿಪಿಎಆರ್-ಆಲ್ಫಾ ಎಂಬ ಗ್ರಾಹಕದ ಜೊತೆಗೂ ಸೇರುತ್ತದೆ. ಕೊಬ್ಬಿನಾಮ್ಲವನ್ನು ಮೈಟೊಕಾಂಡ್ರಿಯದೊಳಗೆ ಬಿಡುವ ಸಿಪಿಟಿ-1 ಕಿಣ್ವದ ಜೀನ್ ಈ ಜೋಡಿಯ ಹತೋಟಿಯಲ್ಲಿದೆ.

ಎರಡನೆಯದು ನನಗೆ ಇನ್ನೂ ಸೋಜಿಗದ ಸಂಗತಿ. ರೆಟಿನಾಲ್ ಆಮ್ಲವಾಗಿ ಬದಲಾಗದೆ, ಇದ್ದ ರೂಪದಲ್ಲೇ ಮೈಟೊಕಾಂಡ್ರಿಯದಲ್ಲಿರುವ ಪಿಕೆಸಿ-ಡೆಲ್ಟಾ ಎಂಬ ಕಿಣ್ವಕ್ಕೆ ಅಂಟಿ ಪೈರುವೇಟ್ ಡಿಹೈಡ್ರೊಜಿನೇಸ್ ಎಂಬ ಇನ್ನೊಂದು ಕಿಣ್ವದ ವೇಗ ಹೆಚ್ಚಿಸುತ್ತದೆ. ಗ್ಲೂಕೋಸ್‌ನಿಂದ ಬಂದ ಪೈರುವೇಟ್ ಉರಿಯುವ ಹಾದಿಗೆ ಇಳಿಯುವುದು ಈ ಬಾಗಿಲಿನಿಂದಲೇ. ರೆಟಿನಾಯಿಕ್ ಆಮ್ಲಕ್ಕೆ ಈ ಕೆಲಸ ಮಾಡಲು ಬರುವುದಿಲ್ಲ.

ಪ್ರಶ್ನೆ: ರಕ್ತಪರೀಕ್ಷೆಯಲ್ಲಿ ರೆಟಿನಾಲ್ ಸರಿಯಾಗಿದೆ ಎಂದು ಬಂದರೆ ಹೃದಯಕ್ಕೂ ಸಾಕಷ್ಟು ಸಿಗುತ್ತಿದೆ ಎಂದರ್ಥವೇ?

ಉತ್ತರ: ಹಾಗೆ ಹೇಳಲಾಗದು. ದೇಹದ ವಿಟಮಿನ್ ಎಯಲ್ಲಿ ಹೆಚ್ಚಿನ ಪಾಲು ಇರುವುದು ಲಿವರಿನಲ್ಲಿ. ಅಲ್ಲಿನ ದಾಸ್ತಾನು ಬಹುತೇಕ ಬರಿದಾಗುವವರೆಗೂ ಲಿವರು ರಕ್ತದ ಮಟ್ಟವನ್ನು ಕುಸಿಯಲು ಬಿಡುವುದಿಲ್ಲ. ಪ್ರತಿ ಡೆಸಿಲೀಟರ್‌ಗೆ 20 ಮೈಕ್ರೊಗ್ರಾಂಗಿಂತ ಕಡಿಮೆ ಬಂದರೆ ಕೊರತೆ ಎನ್ನುತ್ತಾರೆ. ಜ್ವರ, ಸೋಂಕು, ಉರಿಯೂತ ಇದ್ದಾಗ ಕೊರತೆಯಿಲ್ಲದಿದ್ದರೂ ಅಂಕಿ ಇಳಿಯುತ್ತದೆ. ಅಂಥ ಸಮಯದಲ್ಲಿ ಪರೀಕ್ಷೆ ಮಾಡಿಸಿದ್ದರೆ ವೈದ್ಯರಿಗೆ ಅದನ್ನು ತಿಳಿಸಿ, ಉರಿಯೂತ ತೋರಿಸುವ ರಕ್ತಪರೀಕ್ಷೆಯಾದ ಸಿಆರ್‌ಪಿ ಜೊತೆಗಿಟ್ಟು ಓದಬೇಕಾಗುತ್ತದೆ. ಸತುವಿನ ಕೊರತೆಯಾದರೆ ರೆಟಿನಾಲನ್ನು ಹೊತ್ತೊಯ್ಯುವ ಪ್ರೋಟೀನೇ ಸಾಕಷ್ಟು ತಯಾರಾಗುವುದಿಲ್ಲ.

ಪ್ರಶ್ನೆ: ತಂದೆಯವರ ಹೃದಯ ದುರ್ಬಲವಾಗಿದೆ. ಹೆಚ್ಚು ಡೋಸಿನ ಕ್ಯಾಪ್ಸೂಲ್ ಕೊಡಬಹುದೇ?

ಉತ್ತರ: ದಯವಿಟ್ಟು ಬೇಡ. ಕೊರತೆಯಿದ್ದರೆ ಅದನ್ನು ನೀಗಿಸಬೇಕು, ಸರಿ. ಕೊರತೆಯಿಲ್ಲದ ಹೃದಯಕ್ಕೆ ಹೆಚ್ಚುವರಿ ಡೋಸಿನಿಂದ ಬಲ ಬರುತ್ತದೆ ಎನ್ನಲು ಆಧಾರವಿಲ್ಲ. ಧೂಮಪಾನಿಗಳು ಮತ್ತು ಕಲ್ನಾರಿನ ಕೆಲಸ ಮಾಡಿದವರಿಗೆ ದಿನಕ್ಕೆ 30 ಮಿಲಿಗ್ರಾಂ ಬೀಟಾ ಕ್ಯಾರೊಟಿನ್ (ದೇಹದಲ್ಲಿ ವಿಟಮಿನ್ ಎ ಆಗಿ ಬದಲಾಗುವ ಸಸ್ಯವರ್ಣಕ) ಮತ್ತು 25,000 ಐಯು (ಅಂತರರಾಷ್ಟ್ರೀಯ ಅಳತೆಯ ಘಟಕ) ವಿಟಮಿನ್ ಎ ಕೊಟ್ಟು ನೋಡಿದ ಅಮೆರಿಕದ ದೊಡ್ಡ ಪ್ರಯೋಗವೊಂದನ್ನು 1996ರಲ್ಲಿ ಅವಧಿಗೆ ಮುನ್ನವೇ ನಿಲ್ಲಿಸಬೇಕಾಯಿತು. ಶ್ವಾಸಕೋಶದ ಕ್ಯಾನ್ಸರ್ ಶೇ 28ರಷ್ಟು ಹೆಚ್ಚಾಗಿತ್ತು, ಹೃದ್ರೋಗದ ಸಾವುಗಳೂ ಕಡಿಮೆಯಾಗಿರಲಿಲ್ಲ.

ವಯಸ್ಕರಿಗೆ ದಿನಕ್ಕೆ ಬೇಕಾದದ್ದು ಸುಮಾರು 700ರಿಂದ 1000 ಮೈಕ್ರೊಗ್ರಾಂ. ನೇರ ರೆಟಿನಾಲ್ ರೂಪದಲ್ಲಿ 3000 ಮೈಕ್ರೊಗ್ರಾಂ ದಾಟಬಾರದು. ಲೇಬಲ್‌ನಲ್ಲಿ ಐಯು ಎಂದಿದ್ದರೆ 0.3ರಿಂದ ಗುಣಿಸಿ: 10,000 ಐಯು ಅಂದರೆ ಅಲ್ಲಿಗೇ 3000 ಮೈಕ್ರೊಗ್ರಾಂ. ಜನ ಎಡವುವುದು ಇಲ್ಲೇ. ಮಲ್ಟಿವಿಟಮಿನ್ ಒಂದು ಕಡೆ, ಮೀನಿನ ಲಿವರ್ ಎಣ್ಣೆ ಇನ್ನೊಂದು ಕಡೆ; ಎರಡನ್ನೂ ಕೂಡಿಸಿ ನೋಡುವವರು ಕಡಿಮೆ. ಕೊಬ್ಬಿನಲ್ಲಿ ಕರಗುವ ಈ ವಿಟಮಿನ್ ಮೂತ್ರದಲ್ಲಿ ಹೊರಹೋಗದೆ ಲಿವರಿನಲ್ಲಿ ಸೇರಿಕೊಳ್ಳುತ್ತದೆ. ತಲೆನೋವು, ಚರ್ಮ ಒಣಗುವುದು, ಕೂದಲುದುರುವುದು, ಮೂಳೆನೋವು ಅತಿಯಾದದ್ದರ ಲಕ್ಷಣಗಳು. ತಂದೆಯವರು ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ತೆಗೆದುಕೊಳ್ಳುತ್ತಿದ್ದರೆ ಹೆಚ್ಚಿನ ಡೋಸಿನಿಂದ ರಕ್ತಸ್ರಾವದ ಅಪಾಯವೂ ಇದೆ. ಗರ್ಭಿಣಿಯರಂತೂ ಹೆಚ್ಚಿನ ಡೋಸಿನ ರೆಟಿನಾಲ್ ಮುಟ್ಟಲೇಬಾರದು, ಭ್ರೂಣದ ಅಂಗರಚನೆ ಕೆಡುತ್ತದೆ.

ಪ್ರಶ್ನೆ: ದಿನವೂ ಕ್ಯಾರೆಟ್ ತಿಂದು ಅಂಗೈ ಹಳದಿಯಾಗಿದೆ. ಇದೂ ವಿಷವೇ?

ಉತ್ತರ: ಅಲ್ಲ. ಬೀಟಾ ಕ್ಯಾರೊಟಿನ್ ಅನ್ನು ದೇಹ ತನಗೆ ಬೇಕಾದಷ್ಟೇ ವಿಟಮಿನ್ ಎ ಆಗಿ ಬದಲಿಸಿಕೊಳ್ಳುತ್ತದೆ. ಆಹಾರದ 12 ಮೈಕ್ರೊಗ್ರಾಂನಿಂದ 1 ಮೈಕ್ರೊಗ್ರಾಂ ಲೆಕ್ಕ. ಮಿಕ್ಕದ್ದು ಚರ್ಮದಲ್ಲಿ ಕೂತಿದೆ, ತಿನ್ನುವುದು ಕಡಿಮೆ ಮಾಡಿದರೆ ಕೆಲವು ವಾರಗಳಲ್ಲಿ ಹೋಗುತ್ತದೆ. ಆದರೆ ಕಣ್ಣಿನ ಬಿಳಿಭಾಗವೂ ಹಳದಿಯಾಗಿದ್ದರೆ ಅದು ಕ್ಯಾರೆಟ್‌ನಿಂದಲ್ಲ, ಕಾಮಾಲೆ ಇರಬಹುದು. ತಡಮಾಡದೆ ವೈದ್ಯರಿಗೆ ತೋರಿಸಿ.