ಬೆರಳಲ್ಲಿ, ತುಟಿಯ ಬದಿಯಲ್ಲಿ ಬಿಳಿ ಕಲೆ ಬಂದಿದೆ. ಮೀನು, ಹಾಲು ಬಿಟ್ಟರೆ ತೊನ್ನು ಹೋಗುತ್ತದೆ ಅನ್ನುತ್ತಾರೆ ಅಮ್ಮ, ಹೌದೇ? ಮದುವೆಗೆ ಮೊದಲು ಹೇಳಬೇಕೇ?

ಬಂಗುಡೆ ಮೀನಿಗೂ, ಹಾಲಿಗೂ ಈ ಕಲೆಗೂ ಸಂಬಂಧವಿಲ್ಲ. ಕಡಲ ಬದಿಯ ಕುಂಬಳೆಯಲ್ಲಿದ್ದುಕೊಂಡು ಎರಡು ತಿಂಗಳಿಂದ ಮೀನು ಮುಟ್ಟಿಲ್ಲ ಅಂತ ಬರೆದಿದ್ದೀರಿ, ಪಾಪ ಅನಿಸಿತು. ನಾನು ಮೀನು ತಿನ್ನದ ಮನೆಯವನು. ನನಗೂ ತೊನ್ನು ಬಂತು. ಅಮ್ಮನಿಗೆ ಇದನ್ನೇ ಹೇಳಿ.

ನಮ್ಮದು ಬದಿಯಡ್ಕದ ಹತ್ತಿರ ಅಡಿಕೆ ತೋಟ. 19ನೇ ವಯಸ್ಸಿನಲ್ಲಿ ಮೆಟ್ಟುಕತ್ತಿಯಲ್ಲಿ ಅಡಿಕೆ ಸುಲಿಯುವಾಗ ಹೆಬ್ಬೆರಳಿಗೆ ತಾಗಿತು. ಗಾಯ ಒಣಗಿತು, ಬಣ್ಣ ವಾಪಸು ಬರಲಿಲ್ಲ. ಆಮೇಲೆ ಚಪ್ಪಲಿಯ ಪಟ್ಟಿ ಉಜ್ಜುವಲ್ಲಿ, ಬೆಲ್ಟ್ ಒತ್ತುವಲ್ಲಿ, ಮುಖದಲ್ಲಿ. ಚರ್ಮಕ್ಕೆ ಪೆಟ್ಟಾದಲ್ಲಿ ಹೊಸ ಕಲೆ ಏಳುವುದು ತೊನ್ನಿನ ಗುಣ. ಡಾಕ್ಟರರು ಇದನ್ನು ಕೋಬ್ನರ್ ಅನ್ನುತ್ತಾರೆ. ಹಾಗಾಗಿ ಕಲೆಯನ್ನು ತಿಕ್ಕಬೇಡಿ, ಕೆರೆಯಬೇಡಿ.

ನಾನು ಇದಕ್ಕೆ ಸರಿಯಾಗಿ ಉಲ್ಟಾ ಮಾಡಿದೆ. ಯಾರೋ ಕೊಟ್ಟ ಬಾವಂಚಿ ಅನ್ನುವ ಗಿಡದ ಬೀಜದ ಎಣ್ಣೆ ಹಚ್ಚಿಕೊಂಡು, ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆಯ ಪಕ್ಕ ನಾನೂ ಒಣಗಿದೆ. ಸಂಜೆಗೆ ಕೈತುಂಬ ಗುಳ್ಳೆ. ಬಾವಂಚಿಯಲ್ಲಿ ಸೋರಲೆನ್ ಅಂತ ಇದೆ. ಅದು ಚರ್ಮಕ್ಕೆ ಬಿಸಿಲು ಜಾಸ್ತಿ ತಾಗುವಂತೆ ಮಾಡುತ್ತದೆ. ಆಸ್ಪತ್ರೆಯಲ್ಲೂ ಸೋರಲೆನ್ ಬಳಸುತ್ತಾರೆ, ಆದರೆ ಬೆಳಕನ್ನು ಅಳೆದು ಕೊಡುತ್ತಾರೆ. ಅಂಗಳದ ಬಿಸಿಲನ್ನು ಅಳೆಯುವವರು ಯಾರು? ಗುಳ್ಳೆ ಒಡೆದ ಜಾಗವೂ ಬಿಳಿಯಾಯಿತು. ಎರಡು ಇಂಚಿನ ಕಲೆ ಅಂಗೈಯಗಲ ಆಯಿತು.

ಕಾರಣ ಇಷ್ಟೇ: ಬಣ್ಣ ತಯಾರಿಸುವ ಮೆಲನೋಸೈಟ್ ಕೋಶಗಳನ್ನು ನಮ್ಮದೇ ರೋಗನಿರೋಧಕ ಕೋಶಗಳು ಕೊಲ್ಲುತ್ತವೆ. ಇದು ಅಂಟುವುದಿಲ್ಲ. ಕುಷ್ಠವೂ ಅಲ್ಲ. ಕುಷ್ಠದ ಕಲೆಯಲ್ಲಿ ಸ್ಪರ್ಶ ಗೊತ್ತಾಗುವುದು ಕಡಿಮೆ, ಇಲ್ಲಿ ಎಲ್ಲವೂ ಗೊತ್ತಾಗುತ್ತದೆ. ಥೈರಾಯ್ಡ್ ತೊಂದರೆ ಜೊತೆಗೆ ಬರುವುದುಂಟು, ಆ ರಕ್ತ ಪರೀಕ್ಷೆ ಮಾಡಿಸಿ. ಎಲ್ಲ ಬಿಳಿ ಕಲೆಯೂ ತೊನ್ನಲ್ಲ, ಚರ್ಮದ ಡಾಕ್ಟರರಿಗೆ ತೋರಿಸಿಯೇ ತಿಳಿಯಬೇಕು. ಬೇಗ ಹೋದಷ್ಟು ಒಳ್ಳೆಯದು.

ನಾನು ಹೋಗಿದ್ದು ಆರು ವರ್ಷ ತಡವಾಗಿ. ವಾರಕ್ಕೆ ಎರಡು ಸಲ ಮಂಗಳೂರಿಗೆ ಬಸ್ಸು, 311 ನ್ಯಾನೋಮೀಟರ್ ಅಲೆಯುದ್ದದ ನೇರಳಾತೀತ ಬೆಳಕಿನ ಚಿಕಿತ್ಸೆ, ಮುಖಕ್ಕೆ ರೋಗನಿರೋಧಕ ಕೋಶಗಳನ್ನು ತಣಿಸುವ ಟ್ಯಾಕ್ರೋಲಿಮಸ್ ಮುಲಾಮು. ಮೂರು ತಿಂಗಳು ಏನೂ ಕಾಣಲಿಲ್ಲ. ಬಿಟ್ಟುಬಿಡೋಣ ಅಂದುಕೊಂಡಿದ್ದೆ. ಆಗ ಕೆನ್ನೆಯ ಕಲೆಯೊಳಗೆ ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕೆ ಮೂಡಿತು. ಕೂದಲ ಬುಡದಲ್ಲಿ ಉಳಿದ ಕೋಶಗಳಿಂದ ಬಣ್ಣ ಹಾಗೆಯೇ ಹರಡುವುದಂತೆ. ವರ್ಷದೊಳಗೆ ಮುಖ ಬಹುಪಾಲು ತುಂಬಿತು. ಬೆರಳ ತುದಿ ತುಂಬಲಿಲ್ಲ, ಅಲ್ಲಿ ಕೂದಲೇ ಇಲ್ಲವಲ್ಲ. ನಿಮಗೂ ಬೆರಳು ಹಠ ಮಾಡಬಹುದು, ತುಟಿಯ ಪಕ್ಕದ ಚರ್ಮದ ಮೇಲೆ ಆಸೆ ಇಡಬಹುದು. ಒಂದು ವರ್ಷ ಕಲೆ ಬೆಳೆಯದೆ ನಿಂತರೆ ಬಣ್ಣದ ಕೋಶಗಳನ್ನು ಅಲ್ಲಿಗೆ ಕಸಿ ಮಾಡುವ ದಾರಿಯೂ ಉಂಟು.

ಜನರ ವಿಷಯ. ಒಂದು ಉಪನಯನದಲ್ಲಿ ಪಾಯಸ ಬಡಿಸಲು ಹೊರಟಿದ್ದೆ. ಹಿರಿಯರೊಬ್ಬರು ಸೌಟು ತೆಗೆದುಕೊಂಡು "ನೀನು ಕೂತ್ಕೊ ಮಾರಾಯ" ಅಂದರು. ದನಿ ಮಾತ್ರ ಬಹಳ ಪ್ರೀತಿಯದ್ದು. ನಾಲ್ಕು ವರ್ಷ ಯಾವ ಜಂಬರಕ್ಕೂ, ಸಮಾರಂಭಕ್ಕೂ ಹೋಗಲಿಲ್ಲ. ಈಗ ಹೋಗುತ್ತೇನೆ, ಸೌಟು ನಾನೇ ಹಿಡಿಯುತ್ತೇನೆ. ಯಾರಾದರೂ ಎಲೆಗೆ ಕೈ ಅಡ್ಡ ಹಿಡಿದರೆ ಸುಮ್ನೆ ಮುಂದಿನ ಎಲೆಗೆ ಹೋಗುತ್ತೇನೆ.

ಮದುವೆಗೆ ಮೊದಲು ಹೇಳಿ. ನಾನು ಅಂಗಿಯ ತೋಳು ಮಡಚಿಕೊಂಡೇ ಹುಡುಗಿ ನೋಡಲು ಹೋಗಿದ್ದೆ. ಎರಡು ಕಡೆ ತಪ್ಪಿತು, ಮೂರನೆಯದು ಆಯಿತು. ಮಕ್ಕಳಿಗೆ ಬರುತ್ತದಾ ಅಂತ ಅವರೂ ಕೇಳಿಯೇ ಕೇಳುತ್ತಾರೆ. ಮನೆಯಲ್ಲಿ ಒಬ್ಬರಿಗಿದ್ದರೆ ಸಾಧ್ಯತೆ ಸ್ವಲ್ಪ ಜಾಸ್ತಿ, ಆದರೂ ಹೆಚ್ಚಿನ ಮಕ್ಕಳಿಗೆ ಬರುವುದಿಲ್ಲ. ನನ್ನ ಇಬ್ಬರಿಗೂ ಇಲ್ಲ. ಈವರೆಗೆ.